ನಲವತ್ತು ಅಡಕತ್ತರಿ, ನಲವತ್ತೇ ಪ್ರತಿ

ನಮ್ಮೂರ ದೇಸಾಯರಿಗೆ ಹಳೆಯ ಅಡಕತ್ತರಿ ಕೂಡಿಡುವ ಹುಚ್ಚು. ಯಾರ ಮನೆಯಲ್ಲಿ ಚೆಂದದ್ದು ಕಂಡರೂ "ನೋಡಿ ಕೊಡ್ತೀನಿ" ಎಂದು ಒಯ್ಯುವರು. ಆ ನೋಡುವುದು ಮುಗಿಯುತ್ತಲೇ ಇರಲಿಲ್ಲ. ಹಾಗೇ ನಲವತ್ತಾದವು.

ಒಂದು ದಿನ ಪ್ರೆಸ್ಸಿಗೆ ಬಂದು, ಅಚ್ಚಿನ ಮೊಳೆ ಜೋಡಿಸುವ ನಿಂಬೆವ್ವನಿಗೆ ಹೇಳಿದರು: "ನನ್ನ ಸಂಗ್ರಹದ ಪುಸ್ತಕ ಆಗಬೇಕು. ನಲವತ್ತೇ ಪ್ರತಿ. ಒಂದು ತಪ್ಪಿದ್ರೂ ಪ್ರೆಸ್ಸಿಗೆ ಬೀಗ ಹಾಕಸ್ತೀನಿ."

ಆ ನಲವತ್ತರಲ್ಲಿ ನಿಂಬೆವ್ವನ ಅಜ್ಜಿಯದೂ ಒಂದಿತ್ತು. ಆಕೆ ಬೇರೆಯೇ ಮಾತು ಎತ್ತಿದಳು:

"ಯಾವುದು ಯಾರ ಮನೀದು ಅಂತ ಚಿತ್ರದ ಕೆಳಗ ಬರೀರಿ ಧಣ್ಯಾರ. ಇಲ್ಲಾಂದ್ರ ಓದಿದ ಮಂದಿ ನಂಬೂದಿಲ್ಲ."

ದೇಸಾಯರು ಉಬ್ಬಿ, ಎಲ್ಲ ಬರೆದು ರುಜು ಹಾಕಿದರು.

ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಿದರೆ ಜಗಳ. ಅದಕ್ಕೇ ಮನೆಯವರಿಗೆ ಮೊದಲು ಪ್ರೂಫ್ ತೋರಿಸುವುದು ಆ ಪ್ರೆಸ್ಸಿನ ರೂಢಿ. ನಿಂಬೆವ್ವ ನಲವತ್ತೂ ಮನೆಗೆ ಪ್ರೂಫ್ ಕಳಿಸಿದಳು.

ಮರುದಿನ ನಲವತ್ತು ಮಂದಿ ಪ್ರೂಫ್ ಹಿಡಿದು ದೇಸಾಯರ ವಾಡೆಯ ಮುಂದೆ ನಿಂತರು. "ಹೆಸರು ಬರೋಬ್ಬರಿ ಐತ್ರಿ, ಕೆಳಗ ನಿಮ್ಮ ರುಜೂನೂ ಐತಿ. ನಮ್ಮದು ನಮಗ ಕೊಡ್ರಿ."

ಸಂಜೆಗೆ ಕಪಾಟು ಖಾಲಿ. ದೇಸಾಯರು ಪ್ರೆಸ್ಸಿಗೆ ಬಂದರು. "ನನ್ನ ಪುಸ್ತಕ ಎಲ್ಲಿ?"

ನಿಂಬೆವ್ವ ಅಜ್ಜಿಯ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. "ನಲವತ್ತೇ ಪ್ರತಿ ತಗದೀನ್ರಿ. ಒಂದೂ ತಪ್ಪಿಲ್ಲ. ಎಲ್ಲಾ ಮನೀಗೂ ಮುಟ್ಟ್ಯಾವ, ಅಡಕತ್ತರಿ ಸಮೇತ."

ದೇಸಾಯರು ಆ ಅಡಕತ್ತರಿಯನ್ನು ನೋಡಿದರು. ನೋಡಿ, ಬರೀ ಒಂದು ಹೋಳು ಅಡಿಕೆ ಕೇಳಿದರು.