ತುಳುಕದವ್ವನ ಗುಡ್ಡ

ಇದನ್ನು ಬರೆಯಲು ಕುಳಿತದ್ದು ಇದು ನಾಲ್ಕನೆಯ ಸಲ. ಪೆನ್ನು ಹಿಡಿದರೆ ಸಾಕು, ಯಾರಾದರೂ ಬಾಗಿಲ ಮುಂದೆ ಸೈಕಲ್ ನಿಲ್ಲಿಸಿ, "ಅಕ್ಕಾ, ಸುಲಭದ ದಾರಿ ಯಾವುದು?" ಎಂದು ಕೂಗುತ್ತಾರೆ. ಎದುರಿಗೇ ಆಳೆತ್ತರದ ಬೋರ್ಡಿದೆ. ಓದು ಬಾರದವರು ಕೇಳಿದರೆ ಬೇಸರವಿಲ್ಲ. ಇವರೆಲ್ಲ ಹತ್ತನೇ ತರಗತಿಗೆ ನಿಂತ ನನಗಿಂತ ಬಹಳ ಓದಿದವರು. ಹಸಿರು ಬಾಣ ಹೊಸಬರಿಗೆ, ನೀಲಿ ಬಾಣ ಪಳಗಿದವರಿಗೆ, ಕಪ್ಪು ಬಾಣ ತಮ್ಮ ಮೂಳೆಗಳ ಮೇಲೆ ಆಸೆ ಬಿಟ್ಟವರಿಗೆ. ಗುಡ್ಡದ ಬುಡದಲ್ಲಿರುವ ರೆಸಾರ್ಟಿನವರು ನಾಲ್ಕು ವರ್ಷದ ಹಿಂದೆ ಜೀಪು ಹತ್ತುವ ರಸ್ತೆ ಮಾಡಿಸಿ, ಸೈಕಲ್ಲುಗಳನ್ನು ಮೇಲಕ್ಕೆ ಸಾಗಿಸಿ, ಹಾಳು ಕೋಟೆಯೊಳಗಿನ ನಮ್ಮ ಇಪ್ಪತ್ತು ಮನೆಗಳ ಪಕ್ಕದಿಂದ ಈ ಮೂರು ದಾರಿಗಳಲ್ಲಿ ಜನರನ್ನು ಇಳಿಸುತ್ತಿದ್ದಾರೆ. ಮುಳ್ಳು ಸವರಿಸಿದ್ದು, ಬಾಣ ಬರೆಸಿದ್ದು ಅವರು; ದಾರಿ ಮಾಡಿದ್ದು ಅವರಲ್ಲ. ಇಳಿಜಾರು ಅಳೆಯಲು ಬಂದಿದ್ದ ಅವರ ಮನುಷ್ಯ ಯಂತ್ರ ಹಿಡಿದು ಒಂದು ತಿಂಗಳು ಗುಡ್ಡವನ್ನೆಲ್ಲ ಸುತ್ತಿ, ಕೊನೆಗೆ ಬಂದು ನಿಂತದ್ದು ನಮ್ಮ ಹಳೆಯ ಕಾಲುದಾರಿಯ ಮೇಲೆಯೇ. "ಅಜ್ಜಿ, ಇಷ್ಟು ಹದವಾಗಿ ಇದನ್ನು ಮಾಡಿದ ಇಂಜಿನಿಯರ್ ಯಾರು?" ಎಂದು ನನ್ನ ಅತ್ತೆಯನ್ನು ಕೇಳಿದ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ಸೂಲಗಿತ್ತಿ" ಎಂದರು.

ಹಿಂದೆ ಒಮ್ಮೆ, ಈ ಗುಡ್ಡಕ್ಕೆ ಇನ್ನೂ ಹೆಸರಿಲ್ಲದ ಕಾಲದಲ್ಲಿ, ಬುಳ್ಳನಾಯಕನೆಂಬ ಸಣ್ಣ ಪಾಳೆಗಾರ ಇಲ್ಲಿ ಕೋಟೆ ಕಟ್ಟಿಕೊಂಡಿದ್ದ ಎನ್ನುತ್ತಾರೆ. ಆಗ ಕೆಳಗಿಳಿಯಲು ಇದ್ದದ್ದು ಎರಡೇ ದಾರಿ. ಒಂದು, ಸುದ್ದಿ ಒಯ್ಯುವ ಆಳುಗಳು ಓಡಿ ಇಳಿಯುತ್ತಿದ್ದ ಕಡಿದಾದ ಮೆಟ್ಟಿಲು. ಇಂದಿನ ಕಪ್ಪು ಬಾಣದ ದಾರಿ. ಇನ್ನೊಂದು, ಉಪ್ಪು ಹೊತ್ತ ಕತ್ತೆಗಳು ಹತ್ತಿ ಬರುತ್ತಿದ್ದ ದಾರಿ. ಇಂದಿನ ನೀಲಿ ಬಾಣದ್ದು. ಕೋಟೆಯೊಳಗೆ ಆಯುಧಗಳನ್ನು ಪೂಜಿಸುವ ಅಮ್ಮನ ಗುಡಿಯಿತ್ತು. ಆದ್ದರಿಂದ ಗೋಡೆಯೊಳಗೆ ಹೆರಿಗೆಯ ಮೈಲಿಗೆ ಆಗಕೂಡದೆಂಬ ಕಟ್ಟಳೆ. ನೋವು ಕಾಣಿಸಿಕೊಂಡ ಹೆಂಗಸು ಪಾಳೆಗಾರನ ಮನೆಯವಳಾದರೂ ಸರಿ, ಗುಡ್ಡ ಇಳಿದು ಬುಡದಲ್ಲಿದ್ದ ಸೂಲಗಿತ್ತಿ ಕರಿಗಂಗವ್ವನ ಗುಡಿಸಲಿಗೆ ಹೋಗಬೇಕು. ಒಂದು ವರ್ಷ ಕಾವಲಿನವನೊಬ್ಬನ ಹೆಂಡತಿ ಆ ಮೆಟ್ಟಿಲಿನ ಮೇಲೆ ಜಾರಿ ಬಿದ್ದು, ತಾಯಿ ಮಗು ಇಬ್ಬರೂ ಹೋದರು. ಅದಾಗಿ ಕೆಲವೇ ತಿಂಗಳಿಗೆ ನಾಯಕನ ಒಬ್ಬಳೇ ಮಗಳು ಪಾಪಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳು ಏಳು ತಿಂಗಳ ಬಸುರಿ.

ಕರಿಗಂಗವ್ವ ಕರೆಯದೆಯೇ ಗುಡ್ಡ ಹತ್ತಿ ಬಂದು ನಾಯಕನ ಮುಂದೆ ನಿಂತಳು. ಬಸುರಿಯರಿಗೆಂದೇ ಒಂದು ದಾರಿ ಬೇಕು ಎಂದಳು. ನಾಯಕ ನಕ್ಕ. "ಮೆಟ್ಟಿಲಿದೆಯಲ್ಲವ್ವಾ. ನನ್ನ ಆಳು ಬಾಯಿಗೆ ಹಾಕಿದ ಎಲೆಯಡಿಕೆ ಅಗಿದು ಮುಗಿಯುವಷ್ಟರಲ್ಲಿ ಕೆಳಗಿರುತ್ತಾನೆ."

"ನಿಮ್ಮ ಆಳಿನ ಹೊಟ್ಟೆಯಲ್ಲಿರುವುದು ಮುದ್ದೆ, ದೊರೆ. ಮುದ್ದೆ ಕುಲುಕಿದರೆ ಯಾರೂ ಸಾಯುವುದಿಲ್ಲ."

ಸಭೆಯಲ್ಲಿದ್ದವರು ನಗು ತಡೆದುಕೊಂಡರು. ನಾಯಕ ಮಾತ್ರ ಒಳಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡಿ, ಕಲ್ಲುಕುಟಿಗರನ್ನು ಕರೆಸಿದ. ಅವರ ಯಜಮಾನ ತಿಳಿದವನೇ, ಆದರೆ ಎಲ್ಲರೂ ನಂಬಿದ್ದನ್ನೇ ಅವನೂ ನಂಬಿದ್ದ: ಕತ್ತೆ ನಡೆದದ್ದೇ ಹದವಾದ ದಾರಿ. ಹಾಗಾಗಿ ಹದಿನೈದು ದಿನ ಕಷ್ಟಪಟ್ಟು ಕತ್ತೆ ದಾರಿಯನ್ನೇ ಅಗಲ ಮಾಡಿ ಕೊಟ್ಟ. ಕರಿಗಂಗವ್ವ ಕಂಠದವರೆಗೆ ನೀರು ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಇಳಿಯತೊಡಗಿದಳು. ಏಳನೆಯ ತಿರುವಿಗೆ ಅವಳ ಸೆರಗು ಪೂರ್ತಿ ಒದ್ದೆ. "ಯಜಮಾನಾ, ಕತ್ತೆ ಹೊತ್ತುಕೊಂಡು ಹತ್ತುತ್ತದೆ, ಬರಿ ಬೆನ್ನಲ್ಲಿ ಇಳಿಯುತ್ತದೆ. ಬಸುರಿ ಹೊತ್ತುಕೊಂಡೇ ಇಳಿಯಬೇಕಲ್ಲಪ್ಪಾ" ಎಂದಳು. ಆತ ಉಳಿಯನ್ನು ಕೆಳಗಿಟ್ಟು, ಹದಿನೈದು ದಿನದ ಕೆಲಸವನ್ನು ಅಲ್ಲಿಯೇ ಬಿಟ್ಟ. ಮರುದಿನದಿಂದ ಹೊಸ ಜಾಡಿನಲ್ಲಿ, ಇಂದಿನ ಹಸಿರು ಬಾಣದ ದಾರಿಯಲ್ಲಿ, ಅವಳು ಕೊಡ ಹೊತ್ತು ಮುಂದೆ ನಡೆಯುವುದು, ಅವನು ಹಿಂದೆ ಬರುವುದು. ನೀರು ತುಳುಕಿ ನೆಲ ಎಲ್ಲಿ ಒದ್ದೆಯಾಯಿತೋ ಅಲ್ಲಿ ಕಲ್ಲು ಕಡಿದು, ಮಣ್ಣು ತುಂಬಿ, ತಿರುವನ್ನು ಉದ್ದ ಮಾಡುವುದು. ಮತ್ತೆ ಮೇಲಕ್ಕೆ ಹೋಗಿ ಕೊಡ ತುಂಬುವುದು. ಬಂಡೆ ಕಾದ ಬಿಸಿಲಲ್ಲಿ ಆ ಮುದುಕಿ ಎಷ್ಟು ಸಲ ಇಳಿದಳೋ, ಎಷ್ಟು ಸಲ ಹತ್ತಿದಳೋ ಯಾರೂ ಹೇಳುವುದಿಲ್ಲ. ಹೇಳಿಕೊಂಡು ಬಂದವರು ಗಂಡಸರೇ ಇರಬೇಕು.

ಕೊನೆಯ ತಿರುವೊಂದು ಉಳಿದಿತ್ತು. ಅಲ್ಲಿ ನುಣುಪಾದ ಹಾಸುಬಂಡೆ. ಅದನ್ನು ಕಡಿಯಲು ಇನ್ನೂ ಹತ್ತು ದಿನ ಬೇಕು ಎನ್ನುವಾಗ, ಒಂದು ಮುಂಜಾನೆ ಪಾಪಕ್ಕನಿಗೆ ದಿನ ತುಂಬುವ ಮೊದಲೇ ನೋವು ಬಂತು. ಕರಿಗಂಗವ್ವ ಅವಳ ಕೈ ಹಿಡಿದು, ತಿರುವಿಗೊಮ್ಮೆ ನಿಲ್ಲಿಸಿ, ಬೆನ್ನು ಸವರಿ ಇಳಿಸಿಕೊಂಡು ಬಂದಳು. ಬಂಡೆಯ ಹತ್ತಿರ ಪಾಪಕ್ಕ ನಿಂತುಬಿಟ್ಟಳು. ಹಿಂದೆ ಸತ್ತವಳು ಅವಳ ಆಟದ ಗೆಳತಿ. "ಅವ್ವಾ, ಇಲ್ಲಿ ನನ್ನ ಕೈಲಾಗದು" ಎಂದು ಅತ್ತಳು. ಆಗ ಮುದುಕಿ ಮೇಲೆ ನೋಡಿ ಕೂಗಿದಳಂತೆ: "ನಾಯಕಾ, ಉಗ್ರಾಣದ ಬಾಗಿಲು ತೆಗೆ!" ದೊರೆ ಎಂಬ ಮಾತು ಆ ಹೊತ್ತಿಗೆ ಅವಳ ಬಾಯಿಗೆ ಬರಲಿಲ್ಲ. ಮುತ್ತಿಗೆಯ ಕಾಲಕ್ಕೆಂದು ಕೂಡಿಟ್ಟಿದ್ದ ರಾಗಿ ಮೂಟೆಗಳು ಕೈಯಿಂದ ಕೈಗೆ ಇಳಿದು ಬಂದವು. ನಾಯಕನೂ ಹೆಗಲ ಮೇಲೆ ಹೊತ್ತು ತಂದ. ಬಂಡೆಯ ಮೇಲೆ ಮೂಟೆ ಒಟ್ಟಿ ದಾರಿ ಮಾಡಿದರು. ರಾಗಿಯ ಮೇಲೆ ಹೆಜ್ಜೆಯಿಟ್ಟು ಪಾಪಕ್ಕ ಗುಡಿಸಲು ಸೇರಿದಳು. ಬಿಸಿಲೇರುವ ಮೊದಲೇ ಹೆಣ್ಣು ಮಗು ಅತ್ತದ್ದು ಕೋಟೆಯವರೆಗೂ ಕೇಳಿತು. ಅಂದಿನಿಂದ ಕರಿಗಂಗವ್ವ ತುಳುಕದವ್ವನಾದಳು, ಗುಡ್ಡಕ್ಕೂ ಅದೇ ಹೆಸರಾಯಿತು ಎನ್ನುತ್ತಾರೆ.

ಆ ಕೊನೆಯ ತಿರುವಿಗೆ ಈಗಲೂ ಮೂಟೆ ತಿರುವು ಎಂದೇ ಹೆಸರು. ಮಳೆ ಬಿದ್ದರೆ ಅಲ್ಲಿ ರಾಗಿ ತೆನೆ ಏಳುತ್ತದೆ ಎಂದು ಹೇಳುವವರಿದ್ದಾರೆ. ನಾನು ಕಂಡದ್ದು ಹುಲ್ಲು. ಆದರೆ ಆ ದಾರಿಯ ಗುಣದ ಬಗ್ಗೆ ನನ್ನ ಮಾತು ನಂಬಿ. ಆರು ವರ್ಷದ ಹಿಂದೆ, ಜೀಪಿನ ರಸ್ತೆ ಇಲ್ಲದಾಗ, ಒಂದು ಮಧ್ಯಾಹ್ನ ನಾನೂ ಅತ್ತೆಯ ಭುಜ ಹಿಡಿದು ಅದರಲ್ಲೇ ಇಳಿದು, ಬುಡದಲ್ಲಿ ಕಾಯುತ್ತಿದ್ದ ಆಂಬುಲೆನ್ಸ್ ಹತ್ತಿದೆ. ಒಂದು ಕಡೆಯೂ ಕಾಲು ಜಾರಲಿಲ್ಲ. ನಾನು ಕೈಮುಗಿಯುವ ದೇವರು ಕಡಿಮೆ. ಆ ಮುದುಕಿಗೆ ಮಾತ್ರ ದಿನವೂ ಕೈಮುಗಿಯುತ್ತೇನೆ. ಗುಡಿಸಲಿದ್ದ ಜಾಗದಲ್ಲಿ ಬೋಗುಣಿಯಂತೆ ಕಡಿದ ಕಲ್ಲೊಂದಿದೆ. ಕ್ಷೇಮವಾಗಿ ಇಳಿದ ಹೆಂಗಸರು ಅದಕ್ಕೆ ನೀರು ಹಾಕುವುದು ಪದ್ಧತಿ. ಈಗ ಹಸಿರು ಬಾಣ ಹಿಡಿದು ಇಳಿದ ಹೊಸಬರೂ ಬಾಟಲಿಯಲ್ಲಿ ಉಳಿದ ನೀರನ್ನು ಅದಕ್ಕೇ ಸುರಿಯುತ್ತಾರೆ. ಕಲ್ಲು ಬೇಸಿಗೆಯಲ್ಲೂ ಒಣಗುವುದಿಲ್ಲ, ಗುಬ್ಬಿಗಳು ಕುಡಿಯುತ್ತವೆ.

ನಿನ್ನೆ ಅಲ್ಲಿ ಕುಳಿತು ಈ ಕಥೆಯನ್ನೆಲ್ಲ ಮಗಳಿಗೆ ಹೇಳಿದೆ. ಅಂದು ನನ್ನ ಹೊಟ್ಟೆಯಲ್ಲಿದ್ದವಳು ಅವಳೇ. ಕಲ್ಲಿಗೆ ನೀರು ಹಾಕಿ, ತಲೆಯೆತ್ತಿ ಕೋಟೆಯ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಅವಳು ಒಂದು ಮಾತು ಕೇಳಿದಳು.

"ಅಮ್ಮಾ, ಅಷ್ಟು ದೊಡ್ಡ ಕೋಟೆಯಲ್ಲಿ ಒಂದು ಮಂಚ ಹಾಕಲು ಜಾಗ ಇರಲಿಲ್ಲವಾ?"