ಯಾರೂ ಕೊಳ್ಳದ ಫೋನು

ದೊಡ್ಡ ಕಂಪ್ಯೂಟರ್ ಕಂಪನಿಯೊಂದು ಫೋನು ತಯಾರಿಸಿ ಕೈಸುಟ್ಟುಕೊಂಡು, ಈಗ ಟ್ಯಾಬ್ಲೆಟ್ ಹೊರತಂದಿತು. ಶೋರೂಮಿಗೆ ಬಂದ ಹೊಸ ಟ್ಯಾಬ್ಲೆಟ್, ಗಿರಾಕಿಗಳು ಮುಟ್ಟಿ ನೋಡಲೆಂದು ಮೇಜಿನ ಮೇಲಿಟ್ಟಿದ್ದ ಹಳೆಯ ಫೋನನ್ನು ಕೇಳಿತು: "ಮೂರು ವರ್ಷದಲ್ಲಿ ನಿನ್ನನ್ನು ಒಬ್ಬರೂ ಕೊಳ್ಳಲಿಲ್ಲವಂತೆ. ನಾಚಿಕೆಯಾಗುವುದಿಲ್ಲವೇ?"

"ಕೊಳ್ಳಲಿಲ್ಲ, ನಿಜ," ಎಂದಿತು ಫೋನು. "ಆದರೆ ಕೆಳಗಿಡುವ ಮುಂಚೆ ಎಲ್ಲರೂ ನನ್ನ ಕ್ಯಾಮೆರಾ ನೋಡಿ ಒಮ್ಮೆ ನಕ್ಕು ಫೋಟೋ ತೆಗೆದುಕೊಂಡಿದ್ದಾರೆ. ಆ ನಗುವೆಲ್ಲ ನನ್ನಲ್ಲಿದೆ, ಒಂದನ್ನೂ ಅಳಿಸಿಲ್ಲ. ಇರಲಿ, ನಿನಗೆ ಚಾರ್ಜ್ ಕಮ್ಮಿಯಿದೆ. ಇಲ್ಲಿರುವುದು ಒಂದೇ ವೈರು, ತಗೋ."

ಬ್ಯಾಟರಿ ಎಂದೋ ಕೆಟ್ಟಿದ್ದ ಫೋನು, ವೈರು ಬಿಟ್ಟುಕೊಟ್ಟು ಅಲ್ಲೇ ಆರಿಹೋಯಿತು.

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದಳು. ಟ್ಯಾಬ್ಲೆಟ್ ಎತ್ತಿಕೊಂಡು, ಅದರ ಕ್ಯಾಮೆರಾ ನೋಡಿ ನಕ್ಕು ಒಂದು ಫೋಟೋ ತೆಗೆದುಕೊಂಡು, ಮೆಲ್ಲಗೆ ಕೆಳಗಿಟ್ಟು ಪಕ್ಕದ ಮೇಜಿಗೆ ಹೋದಳು.

ಟ್ಯಾಬ್ಲೆಟ್ ಆ ನಗುವನ್ನು ಅಳಿಸಲಿಲ್ಲ.