ಗಾಳಿ ಮರಳುವ ದಾರಿ

ಶಿಷ್ಯ ಕೇಳಿದ: "ಗುರುಗಳೇ, ಜನ ತಮ್ಮ ಮನೆಯ ಜಗಳಗಳನ್ನು ಹೊತ್ತು ನನ್ನ ಬಳಿ ಬರುತ್ತಾರೆ. ಬುದ್ಧಿ ಹೇಳಿ ಕಳಿಸುತ್ತೇನೆ. ತಿಂಗಳು ಕಳೆಯುವುದರೊಳಗೆ ಅದೇ ಜನ, ಅದೇ ಜಗಳ. ನಾನು ಇನ್ನೂ ಗಟ್ಟಿಯಾಗಿ ಹೇಳಬೇಕೇ?"

ಗುರುಗಳು ಹೇಳತೊಡಗಿದರು.

ಕೊಟ್ರಪ್ಪ ಎಂಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಕೆಳಗೆ ಗೋದಾಮು, ಮೇಲೆ ಮನೆ. ಆ ಘಾಟಿನಲ್ಲೇ ಬೆಳೆದವನಾದ್ದರಿಂದ ಅವನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಸೊಸೆ ಸುವರ್ಣಾ ಬಂದ ಮೇಲೆ ತಿಳಿಯಿತು. ಅವಳಿಗೆ ಮೊದಲಿನಿಂದಲೂ ಉಬ್ಬಸ. ಈಗ ಬಸುರಿ. ಕೆಮ್ಮು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ವೈದ್ಯರು ಅವಳನ್ನು ನೋಡಿ, "ಈ ಮನೆಯ ಗಾಳಿ ಬದಲಾಗಬೇಕು. ಇಲ್ಲವಾದರೆ ಇವಳು ಇಲ್ಲಿರಬಾರದು" ಎಂದರು.

ಕೊಟ್ರಪ್ಪ ಇಡೀ ಮನೆಯ ಗಾಳಿಯನ್ನು ಶುದ್ಧಮಾಡುವ ಯಂತ್ರವೊಂದನ್ನು ತರಿಸಿ ಅಟ್ಟದ ಮೇಲೆ ಇರಿಸಿದ. ಅಲ್ಲಿಂದ ಆರು ಕೋಣೆಗಳಿಗೂ ತಗಡಿನ ಕೊಳವೆಗಳು ಇಳಿದವು. ಪ್ರತಿ ಕೊಳವೆಯ ಬಾಯಿಗೆ ಒಂದು ಜಾಲರಿ. ಯಂತ್ರ ಓಡಿತು, ಕೆಮ್ಮು ನಿಲ್ಲಲಿಲ್ಲ. ಯಂತ್ರ ಸಣ್ಣದಾಯಿತೆಂದು ಅದನ್ನು ತೆಗೆಸಿ ಅದರ ಎರಡರಷ್ಟು ದೊಡ್ಡದನ್ನು ಕೂರಿಸಿದ. ಅದರ ಸದ್ದಿಗೆ ಮನೆಯವರ ಮಾತು ಮನೆಯವರಿಗೇ ಕೇಳಿಸದಂತಾಯಿತು. ನಾಲ್ಕನೆಯ ದಿನ ಅದು ಕಾದು ನಿಂತೇಹೋಯಿತು. ಸುವರ್ಣಾ ತವರಿಗೆ ಹೊರಡಲು ಬಟ್ಟೆ ಮಡಚಿಟ್ಟಳು.

ಆಗ ಕೊಟ್ರಪ್ಪ ತಗಡಿನ ಕೆಲಸದ ದಾವಲಸಾಬರನ್ನು ಕರೆಸಿದ. ದಾವಲಸಾಬರು ಯಂತ್ರವನ್ನು ಮುಟ್ಟಲಿಲ್ಲ. ಮನೆಯನ್ನೆಲ್ಲ ಸುತ್ತಿ ಕೊನೆಗೆ ಕೋಣೆಗಳ ನಡುವಿನ ಓಣಿಯಂಥ ಹಾದಿಯಲ್ಲಿ, ಕದದ ಹಿಂದೆ ಕುಳಿತರು. ಕೋಣೆಗಳ ಗಾಳಿ ಯಂತ್ರಕ್ಕೆ ಮರಳುವ ಜಾಲರಿ ಅಲ್ಲಿತ್ತು. ಅದು ಎರಡು ಅಂಗೈಯಷ್ಟು ಅಗಲವಿತ್ತು.

"ಸಾಹುಕಾರರೇ, ಇದನ್ನು ಇಷ್ಟು ಚಿಕ್ಕದು ಮಾಡಿಸಿದವರು ಯಾರು?"

"ನಾನೇ. ನಡುಮನೆಯ ಗೋಡೆಗೆ ಸಾಗುವಾನಿ ಹಲಗೆ ಹೊದಿಸಿ ಇನ್ನೂ ವರ್ಷವಾಗಿಲ್ಲ. ಅಲ್ಲಿ ತೂತು ಬೇಡವೆಂದು ಇಲ್ಲಿಗೆ ತಂದೆ."

"ಆರು ಕಡೆ ಹೊರಬಿಟ್ಟ ಗಾಳಿಯೆಲ್ಲ ಈ ಒಂದು ಕಿಂಡಿಯಲ್ಲಿ ಹಿಂದೆ ಬರಬೇಕು. ಬಾರದ ಗಾಳಿಯನ್ನು ಯಾವ ಯಂತ್ರವೂ ತೊಳೆಯಲಾರದು. ಆ ಹಲಗೆಯನ್ನೇ ಕೊಯ್ಯಬೇಕು."

ಕೊಟ್ರಪ್ಪ ನಡುಮನೆಗೆ ಬಂದು ಹಲಗೆಯ ಮೇಲೆ ಕೈಯಾಡಿಸಿದ. ಒಳಗೆ ಸೊಸೆ ಕೆಮ್ಮುತ್ತಿದ್ದಳು. "ಕೊಯ್ಯಿರಿ" ಎಂದ.

ದಾವಲಸಾಬರು ಆರು ಬಾಯಿಗಳ ಅಳತೆ ಕೂಡಿಸಿ, ಅದಕ್ಕಿಂತ ಸ್ವಲ್ಪ ಹೆಚ್ಚೇ ಇರುವಂತೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದರು. ಅಲ್ಲಿ ಕೊಯ್ದು ಅಗಲವಾದ ಕೊಳವೆ ಜೋಡಿಸಿ ಅದರ ಬಾಯಿಗೆ ಜಾಲರಿ ಹಾಕಿದರು. ಮುಚ್ಚಿದ ಕೋಣೆಗಳ ಗಾಳಿಯೂ ಹೊರಬರಲೆಂದು ಪ್ರತಿ ಬಾಗಿಲಿನ ಅಡಿಯಲ್ಲಿ ಬೆರಳಷ್ಟು ಜಾಗ ಬಿಡಿಸಿದರು. ಆಮೇಲೆ ಮೊದಲಿನ ಸಣ್ಣ ಯಂತ್ರವನ್ನೇ ತರಿಸಿ ಕೂರಿಸಿದರು.

ಗುಂಡಿ ಒತ್ತಿದಾಗ ಸದ್ದೇ ಕೇಳಿಸಲಿಲ್ಲ. ಇದೂ ಕೆಟ್ಟಿತೆಂದು ಕೊಟ್ರಪ್ಪ ಮತ್ತೆ ಗುಂಡಿಯತ್ತ ಕೈ ಚಾಚಿದ. ದಾವಲಸಾಬರು ಅವನ ಕೈ ಹಿಡಿದು ಜಾಲರಿಯ ಮುಂದೆ ಇಟ್ಟರು. ಗಾಳಿ ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು.

ಎರಡು ದಿನ ಸುವರ್ಣಾ ಹೊರಡುವುದನ್ನು ಮುಂದೆ ಹಾಕಿದಳು. ಮೂರನೆಯ ದಿನ ಮಧ್ಯಾಹ್ನ ಉಂಡು ಮಲಗಿದವಳು ಸಂಜೆ ದೀಪ ಹಚ್ಚುವವರೆಗೆ ಏಳಲಿಲ್ಲ. ಅತ್ತೆ ಗಾಬರಿಯಾಗಿ ಬಾಗಿಲು ಸರಿಸಿ ನೋಡಿದರು. ಅವಳು ನೆಮ್ಮದಿಯಾಗಿ ಉಸಿರಾಡುತ್ತ ನಿದ್ದೆಮಾಡುತ್ತಿದ್ದಳು. ಎದ್ದ ಮೇಲೆ, "ಮಾವ, ತವರಿಗೆ ಹೆರಿಗೆಗೇ ಹೋಗುತ್ತೇನೆ ಬಿಡಿ" ಎಂದಳು. ಕೊಟ್ರಪ್ಪ ಗೋದಾಮಿಗೆ ಇಳಿದು ಹೋಗಿ ಮೂಟೆಗಳ ನಡುವೆ ಕುಳಿತು ಕಣ್ಣೊರೆಸಿಕೊಂಡ. ಮೆಣಸಿನ ಘಾಟೆಂದು ಆಳುಗಳು ತಿಳಿದರು.

ಕತೆ ಮುಗಿಯಿತು. ಶಿಷ್ಯನ ಮನಸ್ಸು ಹಗುರಾಯಿತು. "ಪಾಪ, ಆ ಹುಡುಗಿ ಉಳಿದಳಲ್ಲ, ಅಷ್ಟು ಸಾಕು. ಆದರೆ ಗುರುಗಳೇ, ನನ್ನ ಪ್ರಶ್ನೆಗೆ ಉತ್ತರ?"

ಗುರುಗಳು ಕೇಳಿದರು: "ಜಗಳ ಹೊತ್ತು ಬಂದವರಲ್ಲಿ ಯಾರ ಮಾತನ್ನು ನೀನು ಕೊನೆಯವರೆಗೆ ಕೇಳಿಸಿಕೊಂಡೆ?"